ಹದಿನಾಲ್ಕು ಕೊಡ

‘ನೀರು ಬಂತು’ ಅನ್ನುವ ಕೂಗು ಕೇರಿಯ ಆ ತುದಿಯಿಂದ ಈ ತುದಿಗೆ ಓಡಿ ಬಂದಾಗ ಚಿತ್ತಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿ, ನಿದ್ದೆಯಲ್ಲಿರುವವನ ಹಾಗೆ ಉಸಿರಾಡಲು ನೋಡುತ್ತಿದ್ದ. ಉಸಿರು ಮಾತು ಕೇಳುತ್ತಿರಲಿಲ್ಲ. ಎಡಭುಜ ಉರಿಯುತ್ತಿತ್ತು, ಕತ್ತಿನ ನರ ಹಗ್ಗದ ಹಾಗೆ ಬಿಗಿದಿತ್ತು, ಒದ್ದೆ ಪಂಚೆಯನ್ನು ಚಾಪೆಯ ಕೆಳಗೆ ತುರುಕಿದ್ದರಿಂದ ಅದರ ತಂಪು ಬೆನ್ನಿಗೆ ಏರುತ್ತಿತ್ತು. ಮೊದಲು ಕೂಗಿದವಳು ಓಬಕ್ಕನೇ ಇರಬೇಕು. ಅವಳು ರಾಯದುರ್ಗದ ಸಂತೆಯಲ್ಲಿ ನಿಂತು ಕೂಗಿದರೆ ಗುಮ್ಮಘಟ್ಟದ ಎಮ್ಮೆ ತಿರುಗಿ ನೋಡುತ್ತದೆ ಎಂದು ಬಾವಿಯ ಕಲ್ಲು ಒಡೆಯುವ ಹೊನ್ನೂರಪ್ಪ ಯಾವಾಗಲೂ ನಗುತ್ತಿದ್ದ. ಆಮೇಲೆ ಮಕ್ಕಳು ಕೂಗಿದವು, ಆಮೇಲೆ ನಾಯಿಗಳು, ಆಮೇಲೆ ಯಾರೋ ಚರ್ಮದ ಹಲಗೆ ತಂದು ಬಡಿಯತೊಡಗಿದರು. ಬಾಗಿಲಿಗೆ ಗುದ್ದು ಬಿತ್ತು. ‘ಮಾಸ್ತರ್ರ, ಏಳ್ರೀ! ಬಾವ್ಯಾಗ ನೀರು ಬಂದೈತಿ! ನೀವು ತೋರ್ಸಿದ ಬಂಡೆಗಲ್ಲ ಒಡದು ಬಂದೈತ್ರಿ!’ ಚಿತ್ತಪ್ಪ ಎದ್ದ. ಎದ್ದವನು ಕನ್ನಡಿಯಿಲ್ಲದ ಗೋಡೆಯೆದುರು ನಿಂತು ಆಶ್ಚರ್ಯದ ಮುಖವೊಂದನ್ನು ಮಾಡಿದ. ಹುಬ್ಬು ಎಷ್ಟು ಏರಬೇಕು, ಬಾಯಿ ಎಷ್ಟು ತೆರೆಯಬೇಕು ಎಂದು ತಿಳಿಯದೆ ಆ ಮುಖವನ್ನು ಹಾಗೇ ಹಿಡಿದುಕೊಂಡು, ತುಂಬಿದ ಪಾತ್ರೆ ಹಿಡಿದವನಂತೆ ಮೆಲ್ಲಗೆ ಬಾಗಿಲು ತೆಗೆದ.

ಆ ನೀರು ಎಲ್ಲಿಂದ ಬಂತೆಂದು ಲೋಕದಲ್ಲಿ ಗೊತ್ತಿದ್ದವನು ತಾನೊಬ್ಬನೇ ಎಂದು ಅವನು ತಿಳಿದಿದ್ದ. ಇವತ್ತು ಬೆಳ್ಳಿ ಮೂಡುವ ಹೊತ್ತಿಗೆ ಎದ್ದು, ಕೇರಿಯ ಹೆಂಗಸರು ಹಳ್ಳದ ಮರಳಲ್ಲಿ ತೋಡಿಕೊಂಡ ವರತಿಗೆ ಇಳಿದು, ಗುಂಡಿಯಲ್ಲಿ ಊರಿದ ನೀರನ್ನು ತಂಬಿಗೆಯಿಂದ ಮೊಗೆಮೊಗೆದು ಕೊಡ ತುಂಬಿ, ಹೆಗಲಿಗೇರಿಸಿ, ಏರು ಹತ್ತಿ, ಪ್ರಾರ್ಥನೆ ಮನೆಯ ಹಿಂದಿನ ಬಂಡೆಯಲ್ಲಿ ಮೂರಾಳು ಆಳ ಕೊರೆದಿದ್ದ ಒಣ ಬಾವಿಗೆ ಸುರಿದಿದ್ದ. ಮೊದಲ ಕೊಡದ ನೀರು ತಳದ ಕಲ್ಲಿಗೆ ಬಡಿದ ಸದ್ದಿಗೆ ಅವನೇ ಬೆಚ್ಚಿ ಕೂತುಬಿಟ್ಟಿದ್ದ. ಮೂರನೆಯದನ್ನು ಸುರಿಯುವಾಗ ಕೋಳಿ ಕೂಗಿತು. ಕೊನೆಯ ಸಲ ಸಿಡಿಮದ್ದು ಹಾರಿಸಿದಾಗ ತಳದಲ್ಲಿ ಒಂದು ಕುಳಿ ಬಿದ್ದಿತ್ತು. ಹದಿನಾಲ್ಕನೆಯ ಕೊಡಕ್ಕೆ ಅದು ತುಂಬಿ, ಮಾಸುತ್ತಿದ್ದ ನಕ್ಷತ್ರವೊಂದು ಅದರಲ್ಲಿ ಅಲುಗಾಡಿತು. ಸಂಜೆ ನಾಲ್ಕಕ್ಕೆ ಬಳ್ಳಾರಿಯ ಮಿಷನ್ ದೊರೆ ಬರುತ್ತಾರೆ. ರೈಲು ಇಳಿದು ಜಟಕಾದಲ್ಲಿ ಬಂದು, ಬಾವಿಯ ಮೇಲೆ ಪ್ರಾರ್ಥನೆ ಮಾಡಿ, ಉಪದೇಶಿ ಚಿತ್ತಪ್ಪನನ್ನು ಈ ಕ್ರೈಸ್ತ ಸಭೆಗೆ ಪಾಲಕನನ್ನಾಗಿ ಮಾಡುವುದೋ ಇಲ್ಲವೋ ಎಂದು ಇಲ್ಲಿಯೇ ತೀರ್ಮಾನಿಸುತ್ತಾರೆ. ‘ಬಂಡೆಯಲ್ಲಿ ಪಸೆ ಕಂಡಿದೆ’ ಎಂದು ಒಂದೂವರೆ ತಿಂಗಳ ಹಿಂದೆ ಅವನೇ ಕಾಗದ ಬರೆದಿದ್ದ. ಕಂಡದ್ದು ನಿಜ. ಹೊನ್ನೂರಪ್ಪನ ಬೆವರು.

ಬಾವಿಯ ಸುತ್ತ ಕೇರಿಗೆ ಕೇರಿಯೇ ಸೇರಿತ್ತು. ಚಿತ್ತಪ್ಪ ಬಗ್ಗಿ ನೋಡಿದ. ಕೆಳಗೆ ಆಕಾಶದ ಒಂದು ತುಂಡು, ಅದರ ಅಂಚಿನಲ್ಲಿ ಸಾಲಾಗಿ ತಲೆಗಳು, ನಡುವೆ ಅವನದೇ ತಲೆ. ನಾಟಕದಲ್ಲಿ ರಾಜನ ವೇಷ ಹಾಕಿದವನಿಗೆ ಹಲಗೆ ಬಡಿದ ಕೂಡಲೇ ಕಿರೀಟದ ಭಾರ ನಿಜವಾಗುವ ಹಾಗೆ, ಅವನಿಗೂ ಒಂದು ಗಳಿಗೆ ನೀರು ಬಂದೇ ಬಿಟ್ಟಿದೆ ಅನ್ನಿಸಿತು. ಹೊನ್ನೂರಪ್ಪ ಜನರನ್ನು ಸರಿಸಿ ಬಂದು ಅವನನ್ನು ಅಪ್ಪಿಕೊಂಡ. ಆ ದೊಡ್ಡ ಕೈ ಬೆನ್ನು ತಟ್ಟುವಾಗ ಎಲ್ಲಿ ಬೆರಳುಗಳಿವೆ, ಎಲ್ಲಿ ಇಲ್ಲ ಎಂದು ಚಿತ್ತಪ್ಪನಿಗೆ ಅಂಗಿಯ ಮೇಲಿಂದಲೇ ತಿಳಿಯಿತು. ಎರಡು ಇರಲಿಲ್ಲ. ಎರಡನೆಯ ತಿಂಗಳಲ್ಲಿ ಮದ್ದು ಹೊತ್ತಲ್ಲದ ಹೊತ್ತಲ್ಲಿ ಹಾರಿ ಅವು ಹೋಗಿದ್ದವು. ರಾಯದುರ್ಗದ ಆಸ್ಪತ್ರೆಯ ಜಗಲಿಯ ಮೇಲೆ ಕೂತು, ‘ಇನ್ನ ಮೂರು ಅದಾವಲ್ರೀ ಮಾಸ್ತರ್ರ, ಮುದ್ದೆ ಮುರ್ಯಾಕ ಸಾಕು’ ಎಂದು ಹೊನ್ನೂರಪ್ಪನೇ ಸಮಾಧಾನ ಹೇಳಿದ್ದ. ಆಗಲೇ ನಿಲ್ಲಿಸಬಹುದಿತ್ತು. ಆಗ ನಿಲ್ಲಿಸಿದರೆ ಬೆರಳುಗಳು ಸುಮ್ಮನೆ ಹೋದ ಹಾಗಾಗುತ್ತದೆ ಎಂದು ಚಿತ್ತಪ್ಪ ಆ ಭಾನುವಾರದ ಬೋಧನೆಯಲ್ಲಿ ಹೇಳಿದ. ಅದನ್ನು ಕೇಳಿ ಜನ ಮತ್ತೆ ಸುತ್ತಿಗೆ ಹಿಡಿದರು.

ಎಲ್ಲ ಶುರುವಾದದ್ದು ಬೋಧನೆಯಿಂದಲೇ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ, ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತ, ಮರಳಿನ ಮೇಲೆ ಕಟ್ಟಿದ ಬುದ್ಧಿಹೀನ, ಈ ಇಬ್ಬರ ಸಾಮ್ಯದ ಕಥೆಯನ್ನು ಅವನು ವಿವರಿಸುತ್ತಿದ್ದ. ಎಂದೂ ಇಲ್ಲದ ಹಾಗೆ ಮಾತು ಅವತ್ತು ಅವನಿಗೆ ಒಲಿದಿತ್ತು. ಹೊಳೆ ಏರಿತು, ಗಾಳಿ ಬೀಸಿತು, ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು, ಆ ಬಿಸಿಯಲ್ಲಿ ಅವನ ಕೈ ತಾನಾಗಿ ಕಿಟಕಿಯಾಚೆಗೆ ಚಾಚಿತು. ‘ನಾವೂ ಬಂಡೆಯನ್ನೇ ನಂಬೋಣ! ಮರಳು ಬಗೆದು ಬಗೆದು ಎಷ್ಟು ತಲೆಮಾರು ಕಳೆದಿರಿ? ನಮ್ಮ ಬಾವಿ ಆ ಬಂಡೆಯಲ್ಲಿ ಆಗುತ್ತದೆ!’ ಹಿಂದಿನ ಮೂಲೆಯಿಂದ ಮುದುಕಿ ಬೊಮ್ಮಕ್ಕನ ದನಿ ಬಂತು. ‘ಮಾಸ್ತರ್ರ, ಸ್ವಾಮಿ ಮನಿ ಕಟ್ಟಾಕ ಹೇಳ್ಯಾನ. ಬಾವಿ ತೋಡಾಕ ಹೇಳ್ಯಾನೇನ್ರಿ?’ ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಮನೆಯವರೊಳಗಿನ ನಗು. ಆದರೆ ಚಿತ್ತಪ್ಪನ ಕಿವಿ ಕಾದವು. ‘ಮರಳನ್ನು ನಂಬಿದವರನ್ನು ದೇವರ ವಾಕ್ಯ ಏನಂತ ಕರೆಯುತ್ತದೆ ಗೊತ್ತೇನಜ್ಜಿ? ದಡ್ಡರು ಅಂತ.’ ಎಪ್ಪತ್ತು ವರ್ಷ ಆ ಮರಳಿನ ನೀರು ಕುಡಿದು ಬದುಕಿದವಳು ಅವಳು. ಸಭೆಯ ನಗು ನಿಂತಿತು. ಗೆದ್ದೆನೆಂದುಕೊಂಡು ಅವನು ಹಾಡಿನ ಸಂಖ್ಯೆ ಹೇಳಿದ.

ಹಾಗಂತ ಅದು ಬರೀ ಹಠವಾಗಿರಲಿಲ್ಲ. ಇದನ್ನು ಅವನು ದೇವರ ಎದುರೂ ಹೇಳಬಲ್ಲ. ಮೇಲಿನ ಊರಿನ ಬಾವಿ ಈ ಕೇರಿಯವರಿಗಿಲ್ಲ. ಹಳ್ಳದಲ್ಲಿ ಮೊಣಕಾಲೂರಿ ಮರಳು ತೋಡುವ ಇವರನ್ನು ನೋಡಿ ಊರಿನವನೊಬ್ಬ ದಂಡೆಯ ಮೇಲಿಂದ ಉಗುಳಿ, ‘ನೋಡ್ರಪಾ, ನಾಯಿ ಕೆರದಂಗ ಕೆರೀತಾವ’ ಎಂದದ್ದನ್ನು, ಮೇಲಿನ ಜಾತಿಯಲ್ಲೇ ಹುಟ್ಟಿದ ಅವನು ಕಿವಿಯಾರೆ ಕೇಳಿದ್ದ. ನೆಟ್ಟಗೆ ನಿಂತು ನೀರು ಸೇದುವ ಒಂದು ಜಾಗ, ಕಲ್ಲಿನ ಕಟ್ಟೆ, ಹಗ್ಗ, ಗಡಗಡೆ, ಅದು ಅವನ ಕನಸು. ಆದರೆ ಆ ಕನಸಿನ ಅಡಿಯಲ್ಲಿ ಇನ್ನೊಂದು ಇತ್ತು. ಮಡಕಶಿರದ ಬೆಟ್ಟದ ನೆರಳು, ಬೆಟ್ಟದ ಕೆಳಗೆ ಬೇಸಿಗೆಯ ಹಳ್ಳ, ಹಳ್ಳದ ನಡುವೆ ಬಿಸಿ ಮರಳಿಗೆ ಕೆನ್ನೆಯೊತ್ತಿ ಬೋರಲು ಮಲಗಿದ ಅಪ್ಪ. ಅಪ್ಪ ದೊಡ್ಡರಂಗಪ್ಪ ಹಾಗೆ ಮಲಗಿ ಒಂದು ಚಿಲುಮೆ ತಂಬಾಕು ಸೇದುವಷ್ಟು ಹೊತ್ತು ಕಳೆದರೆ ನೀರಿನ ಊಟೆ ಎಲ್ಲಿದೆ ಎಂದು ಅವನ ಕೆನ್ನೆಗೆ ತಂಪು ಹೇಳುತ್ತಿತ್ತು. ಅವನು ತೋರಿಸಿದಲ್ಲಿ ತೋಡಿದರೆ ಮೊಣಕೈ ಆಳಕ್ಕೆ ನೀರು. ಸುತ್ತಲ ಏಳು ಹಳ್ಳಿಯವರು ಅವನನ್ನು ಕರೆಯಲು ಬರುತ್ತಿದ್ದರು. ಚಿತ್ತಪ್ಪ ಮಿಷನ್ ಹಾಸ್ಟೆಲಿನ ಗೆಳೆಯರ ಜೊತೆ ಅದೇ ದಂಡೆಯಲ್ಲಿ ಬರುತ್ತಿದ್ದ ದಿನ ಅವರಲ್ಲೊಬ್ಬ ನಕ್ಕು ಕೇಳಿದ, ‘ಅಲ್ಲಿ ಹೆಣದ ಹಾಗೆ ಬಿದ್ದಿರೋನು ಯಾರೋ?’ ‘ನಮ್ಮ ಹೊಲದ ಆಳು’ ಎಂದ ಚಿತ್ತಪ್ಪ. ಅಪ್ಪ ತಲೆಯೆತ್ತಿದ. ಒಂದು ಕೆನ್ನೆಯ ತುಂಬ ಮರಳು ಅಂಟಿತ್ತು. ಕೇಳಿಸಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮಗ ಕ್ರೈಸ್ತರ ವೇದಕ್ಕೆ ಸೇರಿದಾಗಲೂ ಬೈಯದ ಅಪ್ಪ, ಬಾವಿಯ ಸುದ್ದಿ ತಿಳಿದು ಹಿಂದೂಪುರದ ಕಡೆಯಿಂದ ಬಂದವರ ಕೈಲಿ ಒಂದೇ ಮಾತು ಹೇಳಿ ಕಳಿಸಿದ್ದ: ‘ಕಲ್ಲಾಗೆ ಕೈ ಇಕ್ಬ್ಯಾಡ ಕಣಪ್ಪ. ಮರಳು ಮೋಸ ಮಾಡಾಕಿಲ್ಲ.’

‘ಮೊದಲನೇ ಕೊಡ ಸೇದ್ರಿ!’ ಎಂದಳು ಓಬಕ್ಕ. ಕೊಡ ಇಳಿಯಿತು, ಬುಳುಬುಳು ಎಂದಿತು, ಆ ಸದ್ದಿಗೇ ಜನ ಹೋ ಎಂದರು. ‘ಹಿರೇರಿಗೆ ಮೊದಲು’ ಎಂದು ಹೊನ್ನೂರಪ್ಪ ತಂಬಿಗೆ ತುಂಬಿ ಬೊಮ್ಮಕ್ಕನ ಕೈಗೆ ಕೊಟ್ಟ. ಮುದುಕಿ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿಗೆ ಹೊಯ್ದುಕೊಂಡು, ನುಂಗದೆ, ಹಲ್ಲಿಲ್ಲದ ಕೆನ್ನೆಗಳೊಳಗೆ ಆ ನೀರನ್ನು ಅತ್ತ ಇತ್ತ ಆಡಿಸಿದಳು. ಆ ಗಳಿಗೆಯಲ್ಲಿ ಚಿತ್ತಪ್ಪನಿಗೆ ಹೊಳೆಯಿತು. ಸವುಳು! ಈ ಸೀಮೆಯಲ್ಲಿ ಬಂಡೆಯ ನೀರು ಎಲ್ಲಿ ಬಿದ್ದರೂ ಸವುಳು, ಬೇಳೆ ಬೇಯುವುದಿಲ್ಲ, ನಾಲಗೆ ಒಗರಾಗುತ್ತದೆ. ಮರಳಿನ ನೀರೊಂದೇ ಸಿಹಿ. ಕಣ್ಣಿಗೆ ಬಟ್ಟೆ ಕಟ್ಟಿ ತಂಬಿಗೆ ಕೊಟ್ಟರೆ ಇದು ಗುಮ್ಮಘಟ್ಟದ್ದು, ಇದು ಕಣೇಕಲ್ಲಿನ ಕೆರೆಯದು, ಇದು ರೈಲಿನ ಟ್ಯಾಂಕಿಯದು ಎಂದು ಹೇಳುವ ಜನ ಇವರು. ಹೋದ ಕ್ರಿಸ್‌ಮಸ್ಸಿಗೆ ಇದೇ ಆಟ ಆಡಿ ಹೊನ್ನೂರಪ್ಪ ಒಂದು ಟವಲು ಗೆದ್ದಿದ್ದ, ಟವಲು ಕೊಟ್ಟವನು ತಾನೇ. ಎಲ್ಲ ಲೆಕ್ಕ ಹಾಕಿದವನು, ಹೆಜ್ಜೆ ಗುರುತನ್ನು ಪೊರಕೆಯಿಂದ ಅಳಿಸಿದವನು, ನಾಲಗೆಯನ್ನು ಮರೆತಿದ್ದ. ಬೊಮ್ಮಕ್ಕ ನುಂಗಿದಳು. ಕಣ್ಣೆತ್ತಿ ಅವನನ್ನು ನೋಡಿದಳು. ‘ಸಿಹಿ ಐತಿ’ ಎಂದಳು. ತಂಬಿಗೆ ಹೊನ್ನೂರಪ್ಪನಿಗೆ ಹೋಯಿತು. ಅವನ ಗಂಟಲು ಒಮ್ಮೆ ಆಡಿತು, ನಿಂತಿತು, ಮತ್ತೆ ಆಡಿತು. ‘ಹೌದ್ರಿ. ಸಿಹಿ.’ ಓಬಕ್ಕ ಕುಡಿದಳು, ಅವಳ ಅತ್ತೆ ಕುಡಿದಳು, ಕೈಯಿಂದ ಕೈಗೆ ತಂಬಿಗೆ ಸುತ್ತಿತು, ಪ್ರತಿಯೊಬ್ಬರ ಮುಖದಲ್ಲೂ ಒಂದು ರೆಪ್ಪೆ ಬಡಿಯುವಷ್ಟು ತಡ, ಆಮೇಲೆ ‘ಸಿಹಿ’, ‘ಭಾಳ ಸಿಹಿ’, ‘ಸಿಹಿ ಐತ್ರಿ ಮಾಸ್ತರ್ರ’. ಹಲಗೆ ಮೊದಲಿಗಿಂತ ಜೋರಾಗಿ ಎದ್ದಿತು.

ಅವನು ಓಡದೆ ಓಡುತ್ತ ತನ್ನ ಕೋಣೆಗೆ ಬಂದ. ಮೈ ಜ್ವರ ಬಂದಂತೆ ಹಗುರಾಗಿತ್ತು, ನಗು ಬರುತ್ತಿತ್ತು. ಯಾರೂ ಹಿಡಿಯಲಿಲ್ಲ! ಸಂತೋಷ ಇವರ ನಾಲಗೆಯನ್ನು ಮರೆಸಿತೇ? ಅಥವಾ, ಈ ಯೋಚನೆ ಬಂದಾಗ ಕೋಣೆಯಲ್ಲಿ ಅತ್ತಿತ್ತ ನಡೆಯುತ್ತಿದ್ದವನು ನಿಂತುಬಿಟ್ಟ, ಅಥವಾ ಬಂಡೆ ನಿಜವಾಗಿಯೂ ಬಿರಿದಿದ್ದರೆ? ಹದಿನಾಲ್ಕು ಕೊಡದ ಭಾರಕ್ಕೆ, ಆ ಭಾರದೊಳಗಿನ ಅವನ ಸಂಕಟಕ್ಕೆ ಕರಗಿ, ಕರ್ತನು ಅಡಿಯಿಂದ ಒಂದು ಸಿಹಿ ಊಟೆಯನ್ನು ತೆರೆದಿದ್ದರೆ? ಮೋಸವನ್ನೇ ಬೀಜ ಮಾಡಿ ಮೊಳಕೆ ತರಿಸುವುದು ದೇವರಿಗೆ ಅಸಾಧ್ಯವೇ? ಚಿತ್ತಪ್ಪ ಪೆನ್ಸಿಲು ತೆಗೆದು ಸಂಜೆಯ ಬೋಧನೆ ಬರೆಯತೊಡಗಿದ. ಮಾತುಗಳು ಒಂದರ ಮೇಲೊಂದು ಬಿದ್ದು ಬಂದವು. ಲೋಕದ ಕಣ್ಣಿಗೆ ಹುಚ್ಚುತನವಾದದ್ದು ದೇವರ ಕಣ್ಣಿಗೆ ಜ್ಞಾನ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದ. ಹಾಗಾದರೆ ನಾನು ಯಾವ ಹುಚ್ಚ? ದೇವರಿಗಾಗಿ ಹುಚ್ಚನಾದವನೋ, ನನಗಾಗಿಯೋ? ಪೆನ್ಸಿಲಿನ ಮೊನೆ ಮುರಿಯಿತು. ಚೂಪು ಮಾಡಲು ಚಾಕು ಹುಡುಕುತ್ತ ಹೊಸ್ತಿಲ ಬಳಿ ಬಂದಾಗ ಅದು ಕಣ್ಣಿಗೆ ಬಿತ್ತು.

ಹೊಸ್ತಿಲ ಮೇಲೆ ಒಂದು ಸಿಂಬಿ ಇತ್ತು. ಹಳೆಯ ಸೀರೆಯ ಕೆಂಪು ಅಂಚನ್ನು ಬಿಗಿಯಾಗಿ ಸುತ್ತಿ ಹೊಲಿದ, ಕೊಡ ಹೊರುವ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಬಳೆ. ಪಕ್ಕದಲ್ಲಿ, ಹರಳೆಣ್ಣೆ ತುಂಬಿದ ಒಂದು ಸಣ್ಣ ಕುಡಿಕೆ. ತಿಕ್ಕಿಕೊಳ್ಳುವಷ್ಟು, ಒಂದು ಭುಜಕ್ಕೆ ಸಾಲುವಷ್ಟು ಎಣ್ಣೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಚಿತ್ತಪ್ಪ ಸಿಂಬಿಯನ್ನು ಎತ್ತಿಕೊಂಡು ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಹಾಗಾದರೆ ಒಬ್ಬರಿಗೆ ಗೊತ್ತಿದೆ. ಬೆದರಿಕೆಯೇ ಇದು? ಬೆದರಿಸುವವರು ಎಣ್ಣೆ ಇಟ್ಟು ಹೋಗುತ್ತಾರೆಯೇ? ಅವನು ಮೂಲೆಯ ಹಂಡೆಯನ್ನು ನೋಡಿದ. ಆರು ವರ್ಷದಿಂದ ಓಬಕ್ಕ ದಿನಾ ಬೆಳಗ್ಗೆ ಆ ಹಂಡೆ ತುಂಬುತ್ತಿದ್ದಾಳೆ, ಎರಡು ಕೊಡ, ಮಳೆಗೂ ಜ್ವರಕ್ಕೂ ಬಸಿರಿಗೂ ತಪ್ಪದೆ. ಅದು ಎಷ್ಟು ಭಾರ ಎಂದು ಇವತ್ತಿನವರೆಗೆ ಅವನಿಗೆ ಗೊತ್ತಿರಲಿಲ್ಲ. ಕೊಡದ ನೀರು ಹೆಜ್ಜೆಗೊಮ್ಮೆ ಆಚೆ ಈಚೆ ಹೊಯ್ದಾಡಿ ಹೊತ್ತವನನ್ನೇ ಬೀಳಿಸಲು ನೋಡುತ್ತದೆ ಎಂದೂ, ಏರಿನ ನಡುವೆ ಒಂದು ಚಪ್ಪಟೆ ಕಲ್ಲು ಇದೆ, ಅಲ್ಲಿ ಹೆಂಗಸರು ಕೂತು ಉಸಿರು ತೆಗೆದುಕೊಂಡು ಕಲ್ಲು ಸವೆದು ನುಣುಪಾಗಿದೆ ಎಂದೂ ಗೊತ್ತಿರಲಿಲ್ಲ. ಎಂಟನೆಯ ಕೊಡಕ್ಕೆ ಅವನೂ ಅಲ್ಲಿ ಕೂತಿದ್ದ. ಸಿಂಬಿಯನ್ನು ಮೂಸಿದ. ಹೆಂಗಸರ ತಲೆಯ ಎಣ್ಣೆ, ಬೆವರು, ಹೊಗೆ. ಬರೆದ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ, ಸಿಂಬಿಯನ್ನೂ ಅದರ ಮೇಲೆ ತುರುಕಿದ. ನಾಲ್ಕರ ಹೊತ್ತಿಗೆ ಹೊರಗೆ ಜಟಕಾದ ಗೆಜ್ಜೆ ಕೇಳಿಸಿತು.

ದೊರೆ ಬೆವರು ಒರೆಸಿಕೊಳ್ಳುತ್ತ ಬಾವಿಯಲ್ಲಿ ಇಣುಕಿ, ಪುಸ್ತಕದ ಕನ್ನಡದಲ್ಲಿ ‘ಬಹು ಸಂತೋಷ, ಬಹು ಸಂತೋಷ’ ಎಂದರು. ಟಿಪ್ಪಣಿ ಪುಸ್ತಕ ತೆರೆದು ಏನೋ ಬರೆದುಕೊಂಡರು. ಜನ ಬಂಡೆಯ ಸುತ್ತ ಕೂತರು. ‘ಉಪದೇಶಿಗಳು ಮಾತಾಡಲಿ. ಆ ಮೇಲೆ ನಾನು ಪ್ರಾರ್ಥಿಸಿ ಒಂದು ಒಳ್ಳೆಯ ಸಮಾಚಾರ ಹೇಳುವೆನು.’ ಚಿತ್ತಪ್ಪ ಎದ್ದ. ಜೇಬಿನಿಂದ ಹಾಳೆಯ ಬದಲು ಸಿಂಬಿ ಕೈಗೆ ಬಂತು. ಅದನ್ನು ಹಿಡಿದು ನಿಂತವನನ್ನು ನೋಡಿ ಮಕ್ಕಳು ಕಿಸಕ್ಕೆಂದರು. ಎದೆ ಹಲಗೆಯಂತೆ ಬಡಿಯುತ್ತಿತ್ತು. ವಿಚಿತ್ರವೆಂದರೆ ಆ ಬಡಿತದಲ್ಲಿ ಹೆದರಿಕೆಗಿಂತ ಹೆಚ್ಚಾಗಿ, ಎತ್ತರದಿಂದ ಬಾವಿಗೆ ಧುಮುಕುವ ಮುಂಚಿನ ಉಲ್ಲಾಸವಿತ್ತು.

‘ಬಾವಿಯಲ್ಲಿ ನೀರು ಬಂದಿಲ್ಲ’ ಎಂದ. ‘ನಾನು ಹೊಯ್ದದ್ದು. ಬೆಳಗಿನ ಜಾವ, ವರತಿಯಿಂದ ತಂದು. ಹದಿನಾಲ್ಕು ಕೊಡ.’ ಒಂದು ಕಲ್ಲು ಉರುಳಿದ ಮೇಲೆ ಉಳಿದವು ನಿಲ್ಲಲಿಲ್ಲ. ‘ಬೊಮ್ಮಕ್ಕಜ್ಜಿಯನ್ನ ಸಭೆಯಲ್ಲಿ ದಡ್ಡಿ ಅಂದೆ. ದಡ್ಡ ನಾನು. ಪಸೆ ಕಂಡಿದೆ ಅಂತ ದೊರೆಯವರಿಗೆ ಸುಳ್ಳು ಬರೆದೆ. ಹೊನ್ನೂರಪ್ಪನ ಬೆರಳು ಹೋದ ದಿನವೇ ನಿಲ್ಲಿಸಬೇಕಿತ್ತು, ನಾಚಿಕೆಯಾಗಿ ನಿಲ್ಲಿಸಲಿಲ್ಲ. ಮಡಕಶಿರದಲ್ಲಿ ನಮ್ಮಪ್ಪ ಮರಳಿಗೆ ಕೆನ್ನೆಯಿಟ್ಟು ನೀರು ಹೇಳುತ್ತಾನೆ. ಅವನನ್ನ ಆಳು ಅಂದಿದ್ದೆ.’ ಈ ಕೊನೆಯ ಮಾತು ಯಾರಿಗೂ ಬೇಕಿರಲಿಲ್ಲ, ಯಾಕೆ ಬಂತೆಂದು ಅವನಿಗೂ ತಿಳಿಯಲಿಲ್ಲ. ಹೇಳಿ ಮುಗಿದಾಗ ಎಡಭುಜದ ನೋವೊಂದು ಬಿಟ್ಟು ಮೈಯಲ್ಲಿ ಏನೂ ಉಳಿದಿರಲಿಲ್ಲ.

ಯಾರಿಗೂ ಆಶ್ಚರ್ಯ ಆಗಿರಲಿಲ್ಲ. ದೊರೆ ಅದನ್ನು ಅವನಿಗಿಂತ ಮೊದಲು ಕಂಡರು. ‘ನಿಮಗೆ ಮೊದಲೇ ತಿಳಿದಿತ್ತೋ?’

‘ನಾಲಗಿ ಐತಲ್ರೀ ದೊರಿ’ ಎಂದಳು ಓಬಕ್ಕ. ‘ಬೆಳಗ್ಗೆ ಖರೇನ ಅನ್ಕಂಡು ಕೂಗಿದ್ನಿ. ಬಾಯಾಗ ಹಾಕ್ಕಂಡ ಮ್ಯಾಲ ಗೊತ್ತಾತು, ನಮ್ಮ ವರತಿದ ಅಂತ.’

‘ಮತ್ತೆ ಏಕೆ ಹೇಳಲಿಲ್ಲ?’

ಓಬಕ್ಕ ಬೊಮ್ಮಕ್ಕನ ಕಡೆ ನೋಡಿದಳು. ಮುದುಕಿ ಮೊಣಕಾಲು ಹಿಡಿದು ನಿಧಾನವಾಗಿ ಎದ್ದಳು. ‘ನಾ ನಮ್ಮ ಕಟ್ಟಿ ಮ್ಯಾಲ ಕುಂತಿದ್ನಿ. ಮುದುಕ್ರಿಗೆ ನಿದ್ದಿ ಎಲ್ಲಿಂದ ಬರಬೇಕು? ಯಾವನೋ ಕಳ್ಳ ನೀರು ಕದಿಯಾಕ ಬಂದಾನ ಅನ್ಕಂಡ್ನಿ. ನೋಡ್ತೀನಿ, ನಮ್ಮ ಮಾಸ್ತರು. ಹೆಗಲ ಮ್ಯಾಲ ಹೊತ್ತಾನ, ಸಿಂಬಿ ಇಲ್ಲ, ಅರ್ಧ ನೀರು ಮೈಮ್ಯಾಲ. ನಗು ಬಂತು. ಹತ್ತನೇ ಕೊಡಕ್ಕ ನಗು ನಿಂತಿತು.’ ಅವಳು ದೊರೆಯ ಕಡೆ ತಿರುಗಿದಳು. ‘ನಮ್ಮ ಕೇರಿಗೆ ಒಬ್ಬ ಗಂಡಸು, ಅದೂ ಮ್ಯಾಲಿನ ಮಂದ್ಯಾಗ ಹುಟ್ಟಿದಾವ, ನೀರು ಹೊತ್ತದ್ದು ನಮ್ಮವ್ವನ ಕಾಲಕ್ಕೂ ಇಲ್ರಿ, ನನ್ನ ಕಾಲಕ್ಕೂ ಇಲ್ರಿ. ಯಾತಕ್ಕರ ಹೊರಲಿ. ಹೊತ್ತಾನಲ್ಲ. ಹೇಳ್ತಾನೋ ಇಲ್ಲೋ ಅಂತ ಕಾದ್ವಿ. ಹೇಳಿದ.’

‘ನಾ ಹಂಗನ್ನಂಗಿಲ್ಲ’ ಎಂದ ಹೊನ್ನೂರಪ್ಪ. ಎದ್ದಿರಲಿಲ್ಲ, ಕೂತಲ್ಲೇ, ಮೂರು ಬೆರಳಿನ ಕೈಯನ್ನು ಬಂಡೆಯ ಮೇಲೆ ಊರಿ ಹೇಳಿದ. ‘ನನಗ ಸಿಟ್ಟು ಐತ್ರಿ ಮಾಸ್ತರ್ರ. ನನ್ನ ಎರಡು ಬೆರಳು ಈ ಕಲ್ಲಾಗ ಅದಾವ. ಬೆಳಗ್ಗೆ ನಿಮ್ಮನ್ನ ಅಪ್ಕಂಡಾಗ, ಹೋದರ ಹೋಗ್ಲಿ, ನೀರಿಗೆ ಹೋದ್ವು ಅನ್ಕಂಡಿದ್ನಿ.’ ಹೊನ್ನೂರಪ್ಪ ಬಾವಿಯ ಪಕ್ಕದ ಕಲ್ಲಿನ ಗುಡ್ಡೆಯನ್ನು ನೋಡಿದ. ನಾಲ್ಕು ತಿಂಗಳು ಒಡೆದು ಎಸೆದ ಕಲ್ಲು. ‘ಕಲ್ಲಂತೂ ಛಲೋ ಅದಾವ. ವರತಿ ಸುತ್ತ ಇಳಿಸಿ ಕಟ್ಟಿದ್ರ ಮರಳು ಕುಸಿಯಂಗಿಲ್ಲ. ನೆಟ್ಟಗ ನಿಂತು ಸೇದಬೌದು.’ ಆಮೇಲೆ, ಯಾರನ್ನೂ ನೋಡದೆ: ‘ನಾ ಕಟ್ತೀನಿ. ಹೊರೋರು ನೀವು.’

‘ಸಿಂಬಿ ಅಂತೂ ಐತಿ’ ಎಂದು ಯಾರೋ ಹಿಂದಿನಿಂದ ಅಂದರು. ಆಗ ನಗು ಒಡೆಯಿತು; ಬಂಡೆಗೆ ಬಡಿದು ಮೇಲಿನ ಊರಿಗೆ ಕೇಳಿಸುವಂಥ ನಗು. ದೊರೆ ನಗಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಬರೆದುದರ ಮೇಲೆ ಒಂದು ಗೆರೆ ಎಳೆದು, ಮುಚ್ಚಿ, ‘ಪಾಲಕತ್ವದ ವಿಷಯ ಈ ವರ್ಷ ಆಗದು, ಚಿತ್ತಪ್ಪನವರೇ’ ಎಂದರು. ಆಮೇಲೆ ಟೋಪಿ ತೆಗೆದು ಕಲ್ಲಿನ ಮೇಲಿಟ್ಟು, ‘ನನಗೂ ಬಾಯಾರಿದೆ’ ಎಂದರು.

ಓಬಕ್ಕ ಕೊಡ ಇಳಿಸಿದಳು. ಎಲ್ಲರೂ ಮತ್ತೆ ಕುಡಿದರು, ಬೆಳಗಿನ ಹಾಗೆ ರುಚಿ ನೋಡುತ್ತ ಅಲ್ಲ, ಬೇಸಿಗೆಯ ಸಂಜೆ ಬಾಯಾರಿದವರು ಕುಡಿಯುವ ಹಾಗೆ, ಗಟಗಟ. ಹೊನ್ನೂರಪ್ಪನೂ ಕುಡಿದ, ಮುಖ ಗಂಟು ಹಾಕಿಕೊಂಡೇ. ಬಾವಿಯೊಳಗಿನ ಆಕಾಶ ಕೊಡದಿಂದ ಕೊಡಕ್ಕೆ ಕಿರಿದಾಗಿ, ಒಂದು ತಟ್ಟೆಯಷ್ಟಾಗಿ, ಆಮೇಲೆ ಕಪ್ಪು ಕಲ್ಲು ಕಂಡಿತು. ತಳದಲ್ಲಿ ಕೆರೆದು ಬಂದ ಕೊನೆಯ ತಂಬಿಗೆಯನ್ನು ಬೊಮ್ಮಕ್ಕ ತಾನೇ ತಂದು ಅವನಿಗೆ ಎತ್ತರದಿಂದ ಹೊಯ್ದಳು. ಚಿತ್ತಪ್ಪ ಬೊಗಸೆಯೊಡ್ಡಿ, ತಲೆ ತಗ್ಗಿಸಿ ಕುಡಿದ. ನೀರು ಸಿಹಿಯಾಗಿತ್ತು. ಕೊನೆಯ ಗುಟುಕಿನಲ್ಲಿ ಹಲ್ಲಿಗೆ ಮರಳು ಕರಕರ ಎಂದಿತು. ಒಂದು ಕೆನ್ನೆಯ ತುಂಬ ಮರಳು ಅಂಟಿಸಿಕೊಂಡು ತಲೆಯೆತ್ತಿದ ಅಪ್ಪನ ಮುಖ ಕಣ್ಣೆದುರಿಗೆ ಬಂತು, ಅವತ್ತು ಅಪ್ಪನಿಗೆ ಕೇಳಿಸಿತ್ತು ಎಂದು ಈಗ ಅವನಿಗೆ ಗೊತ್ತಾಯಿತು. ನಾಳೆ ಕಲ್ಲು ಹೊರಬೇಕು, ನಾಡಿದ್ದು ಮಡಕಶಿರಕ್ಕೆ ಹೊರಡಬೇಕು. ‘ಉಗುಳ್ರಿ, ಮರಳು ಐತಿ’ ಎಂದಳು ಬೊಮ್ಮಕ್ಕ. ಅವನು ಉಗುಳಲಿಲ್ಲ.